ಒಗೆದ ಮನೆ

ದಿವಾಳಿ ಅರ್ಜಿ ಹಾಕುವ ವಿಷಯವನ್ನು ಊಟದ ನಡುವೆ ತಮ್ಮ ಹೇಳಿದ. ಹೇಳಿದ್ದು ಉಪ್ಪು ಕೇಳುವ ದನಿಯಲ್ಲಿ.

"ನಾಳೆ ಕೋರ್ಟಿಗೆ ಹೋಗ್ತಿದೀನಿ. ದಿವಾಳಿ ಅಂತ ಬರೆದುಕೊಟ್ಟುಬಿಡ್ತೀನಿ. ಇನ್ನು ನನ್ನ ಕೈಲಿ ಆಗಲ್ಲ."

ಅವನ ಹೆಂಡತಿಗೆ ಮೊದಲೇ ಗೊತ್ತಿತ್ತು. ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ ತಲೆ ಎತ್ತದೆ ಕೂತಳು. ಮಗಳು ಫೋನನ್ನು ಮಗುಚಿಟ್ಟಳು. ಅಕ್ಕ ಲೋಟದ ನೀರನ್ನು ಪೂರ್ತಿ ಕುಡಿದು ಕೆಳಗಿಟ್ಟಳು. ಮೊದಲು ಬಾಯಿಬಿಟ್ಟವಳು ಚಿಕ್ಕಮ್ಮ, ಅಮ್ಮನ ತಂಗಿ.

"ಅಂದ್ರೆ ಸಾಲ ಕೊಟ್ಟೋರಿಗೆಲ್ಲ ಕೈ ಎತ್ತಿಬಿಡೋದಾ, ಪುಟ್ಟ?"

ನಲವತ್ತೆಂಟು ವರ್ಷದ ಪುಟ್ಟ "ಹೂಂ" ಎಂದ.

"ಅದಕ್ಕೂ ಅರ್ಜಿ ಹಾಕ್ಬೇಕಾ? ನಮ್ಮ ಕಾಲದಲ್ಲಿ ಸುಮ್ನೆ ಓಡಿಹೋಗ್ತಿದ್ರು."

"ಅರ್ಜಿಗೆ ಫೀಸೂ ಇದೆ ಅಜ್ಜಿ," ಎಂದಳು ಮಗಳು.

"ದುಡ್ಡಿಲ್ಲ ಅಂತ ಹೇಳೋಕೂ ದುಡ್ಡು ಕೊಡ್ಬೇಕಾ! ಚೆನ್ನಾಗಿದೆ."

ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಮನೆ?"

"ಮನೆಗೇನು? ಮನೆ ಅಮ್ಮನ ಹೆಸರಲ್ಲಿದೆ. ಸತ್ತೋರ ಮನೇನ ಯಾರು ಮುಟ್ತಾರೆ?"

ಇದು ಆ ಮನೆಯವರೆಲ್ಲರ ನಂಬಿಕೆಯೂ ಆಗಿತ್ತು. ಅಮ್ಮ ಸತ್ತು ಮೂರು ವರ್ಷವಾದರೂ ವಿದ್ಯುತ್ ಬಿಲ್ಲು ಅವಳ ಹೆಸರಿಗೇ ಬರುತ್ತಿತ್ತು, ನೀರಿನ ಬಿಲ್ಲೂ ಅಷ್ಟೆ. ಬಾಗಿಲ ಮೇಲಿನ ತಗಡಿನ ಹಲಗೆಯಲ್ಲಿ ಅವಳದೇ ಹೆಸರಿತ್ತು. ಅದನ್ನು ಬದಲಾಯಿಸಬೇಕು ಎಂದು ಯಾರಾದರೂ ಅಂದರೆ, "ಇರಲಿ ಬಿಡು, ಅವಳ ಹೆಸರಲ್ಲೇ ಗಟ್ಟಿಯಾಗಿರುತ್ತೆ" ಎಂದು ಇನ್ನೊಬ್ಬರು ಹೇಳುತ್ತಿದ್ದರು.

ಅಮ್ಮ ಆ ಮನೆಯ ಹಿತ್ತಲಲ್ಲಿ ಊರವರ ಬಟ್ಟೆ ಒಗೆದು ಬದುಕು ಕಟ್ಟಿದವಳು. ಮೊದಲು ಒಂದು ಕಲ್ಲು, ಒಂದು ತೊಟ್ಟಿ. ಆಮೇಲೆ ಹಿತ್ತಲಿನ ಉದ್ದಕ್ಕೂ ಕಟ್ಟಿದ ತಂತಿಗಳು. ಆಮೇಲೆ ಮುಖ್ಯರಸ್ತೆಯಲ್ಲಿ ಲಾಂಡ್ರಿ ಅಂಗಡಿ. ತಮ್ಮ ಅದನ್ನು ದೊಡ್ಡದು ಮಾಡಲು ಹೋದ. ಒಂದು ಹೋಟೆಲಿನ ಹಾಸಿಗೆ ಹೊದಿಕೆ, ಟವೆಲುಗಳೆಲ್ಲ ತನಗೇ ಬರುತ್ತವೆಂದು ಸಾಲ ಮಾಡಿ ಎರಡು ದೊಡ್ಡ ಯಂತ್ರ ತಂದ. ಒಂದೂವರೆ ವರ್ಷ ಒಗೆಸಿಕೊಂಡ ಹೋಟೆಲು ಒಂದು ದಿನ ಬಾಗಿಲು ಹಾಕಿತು. ಬಾಕಿ ಬರಲಿಲ್ಲ. ಯಂತ್ರಗಳು ಉಳಿದವು, ಬಡ್ಡಿ ಉಳಿಯಿತು.

ಅಕ್ಕ ಈ ಕೆಸರಿಗೆ ಕಾಲಿಟ್ಟವಳಲ್ಲ. ಚಿಕ್ಕಂದಿನಿಂದ ಅವಳಿಗೆ ಸೋಪಿನ ವಾಸನೆ ಕಂಡರೆ ಆಗದು, ಒಂದು ಕರವಸ್ತ್ರವನ್ನೂ ನೆಟ್ಟಗೆ ಇಸ್ತ್ರಿ ಮಾಡಲು ಬಾರದು. ಓದು ಮುಗಿಸಿ ಆಸ್ಪತ್ರೆಯ ಅಡುಗೆಮನೆ ಸೇರಿದವಳು ಈಗ ಅಲ್ಲಿ ಮೇಲ್ವಿಚಾರಕಿ. ಯಾವ ವಾರ್ಡಿಗೆ ಉಪ್ಪಿಲ್ಲದ್ದು, ಯಾವುದಕ್ಕೆ ಸಕ್ಕರೆಯಿಲ್ಲದ್ದು ಎಂಬುದು ಅವಳ ನಾಲಿಗೆಯ ತುದಿಯಲ್ಲಿತ್ತು. ಮದುವೆ ಆಗಿತ್ತು, ಎರಡು ವರ್ಷಕ್ಕೆ ಮುಗಿದೂ ಇತ್ತು. ವಾಪಸ್ ಬಂದು ಮುಂದಿನ ಕೋಣೆ ಹಿಡಿದವಳು ಮತ್ತೆ ಬಿಡಲಿಲ್ಲ. ಅಮ್ಮನ ಕೊನೆಯ ನಾಲ್ಕು ವರ್ಷ ಅವಳಿಗೆ ಉಣಿಸಿದ್ದೂ ತೊಳೆದದ್ದೂ ಇವಳೇ. ಐವತ್ತೆರಡನೆಯ ವಯಸ್ಸಿನಲ್ಲಿ ಬಾಡಿಗೆ ಕೋಣೆ ಹುಡುಕುವ ಆಲೋಚನೆ ಅವಳಿಗೆ ಇರಲಿಲ್ಲ.

ವಕೀಲೆ ಹೇಳಿದ ಮಾತು ಕೇಳುವ ತನಕ.

ವಕೀಲೆಯ ಕಚೇರಿ ಔಷಧಿ ಅಂಗಡಿಯ ಮಹಡಿಯಲ್ಲಿತ್ತು. ತಮ್ಮನ ಜೊತೆ ಅಕ್ಕನೂ ಹೋಗಿ ಕೂತಳು.

"ನಿಮ್ಮ ತಾಯಿ ವಿಲ್ ಬರೆದಿದ್ರಾ?"

"ಇಲ್ಲ. ಆದ್ರೆ ಮನೆ ಇನ್ನೂ ಅವರ ಹೆಸರಲ್ಲೇ ಇದೆ ಮೇಡಂ," ಎಂದ ತಮ್ಮ, ಹೆಮ್ಮೆಯಿಂದಲೇ.

ವಕೀಲೆ ಕನ್ನಡಕ ತೆಗೆದು ಅವನನ್ನೇ ನೋಡಿದಳು. "ಹೆಸರು ಬೋರ್ಡಿನ ಮೇಲಿರೋದು. ಅವರ ಉಸಿರು ನಿಂತ ಗಳಿಗೆಗೇ ಮನೆ ನಿಮ್ಮಿಬ್ಬರದಾಯ್ತು. ಅರ್ಧ ನಿಮ್ಮದು, ಅರ್ಧ ಇವರದು. ನೀವು ದಿವಾಳಿ ಅಂದಮೇಲೆ ನಿಮ್ಮ ಅರ್ಧ ಸಾಲ ಕೊಟ್ಟೋರ ಪಾಲು."

"ಹಾಗಾದ್ರೆ ಈಗಲೇ ನನ್ನ ಅರ್ಧ ಅಕ್ಕನಿಗೆ ಬರೆದುಕೊಟ್ಟುಬಿಡ್ತೀನಿ."

"ಕೊಡಿ. ಕೋರ್ಟು ಅದನ್ನ ರದ್ದು ಮಾಡುತ್ತೆ. ಜೊತೆಗೆ ಮೋಸ ಅಂತ ಇನ್ನೊಂದು ಕೇಸೂ ಬೀಳುತ್ತೆ."

ಅಕ್ಕ ಕೇಳಿದಳು: "ಅವನ ಅರ್ಧ ನಾನೇ ದುಡ್ಡು ಕೊಟ್ಟು ತಗೊಂಡ್ರೆ?"

"ಅದು ಆಗುತ್ತೆ. ಬೆಲೆ ಕಟ್ಟೋಕೆ ಕೋರ್ಟಿನಿಂದ ಒಬ್ಬರು ಬರ್ತಾರೆ. ಅವರು ಹೇಳಿದ ಬೆಲೆಯ ಅರ್ಧ ನೀವು ಕಟ್ಟಬೇಕು. ಆಗದೇ ಇದ್ರೆ ಮನೆ ಮಾರಿ, ನಿಮ್ಮ ಪಾಲು ನಿಮಗೆ ಕೊಡ್ತಾರೆ." ಹೊರಡುವಾಗ ಮತ್ತೊಂದು ಮಾತು ಸೇರಿಸಿದಳು. "ಅವರು ಬರೋ ತನಕ ಮನೆಗೆ ಏನೂ ಮಾಡಬೇಡಿ. ಇದ್ದ ಹಾಗೆ ಇರಲಿ."

ಮೆಟ್ಟಿಲಿಳಿಯುತ್ತ ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕೆಲಸದಲ್ಲಿ ಉಳಿಸಿದ್ದು, ನಿವೃತ್ತಿಗೆಂದು ಸಂಬಳದಲ್ಲಿ ಹಿಡಿದಿಟ್ಟದ್ದು, ಕೈಬಳೆ. ಸೋರುವ ಛಾವಣಿ, ಹಳದಿಗಟ್ಟಿದ ಗೋಡೆ, ಬಿರುಕು ಬಿಟ್ಟ ನೆಲ. ಅಂಥ ಮನೆಗೆ ಯಾರು ಎಷ್ಟು ಬೆಲೆ ಕಟ್ಟುತ್ತಾರೆ? ಎಟುಕಬಹುದು ಅನಿಸಿತು.

ಅರ್ಜಿ ಹಾಕಿದ ಮೇಲೆ ಅಂಗಡಿಗೆ ಮೊಹರು ಬಿತ್ತು. ತಮ್ಮ ಮನೆಯಲ್ಲಿ ಉಳಿದ.

ಒಬ್ಬ ಗಂಡಸು ಇಡೀ ದಿನ ಮನೆಯಲ್ಲಿದ್ದರೆ ಎಷ್ಟು ಜಾಗ ಹಿಡಿಯುತ್ತಾನೆ ಎಂಬುದು ಆ ವಾರ ಎಲ್ಲರಿಗೂ ತಿಳಿಯಿತು. ಬಚ್ಚಲಿಗೆ ಹೋದರೆ ಅಲ್ಲಿ ಅವನು, ಅಡುಗೆಮನೆಗೆ ಹೋದರೆ ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತ ಅವನು. ಹೆಂಡತಿ ನೆರೆಮನೆಗಳಿಂದ ಬಟ್ಟೆ ತಂದು ನಡುಮನೆಯಲ್ಲಿ ಇಸ್ತ್ರಿಗೆ ನಿಂತಿದ್ದಳು. ಅವಳ ಹಿಂದೆ ನಿಂತು, "ಕಾಲರು ಹಾಗಲ್ಲ, ತುದಿಯಿಂದ ನಡುವಿಗೆ ತರ್ಬೇಕು" ಎನ್ನುತ್ತಿದ್ದ.

"ಇಪ್ಪತ್ತೆರಡು ವರ್ಷದಿಂದ ಮಾಡ್ತಿದೀನಿ. ಈಗ ಹೇಳ್ಕೊಡ್ತಿದೀರಾ?"

"ತಪ್ಪಾಗಿ ಮಾಡಿದ್ರೆ ಹೇಳಬಾರದಾ?"

"ಸಾಲ ಮಾಡುವಾಗ ನಾನೂ ಹೇಳಿದ್ದೆ, ತಪ್ಪು ಅಂತ. ಕೇಳಿದ್ರಾ?"

ಮಗಳು ಕಾಲೇಜು ಬಿಟ್ಟಮೇಲೆ ಮೊಬೈಲು ಅಂಗಡಿಯಲ್ಲಿ ಕೂರತೊಡಗಿದ್ದಳು. ಮೊದಲ ಸಂಬಳದಲ್ಲಿ ಅಡುಗೆ ಅನಿಲದ ಸಿಲಿಂಡರು ತಂದಳು. ಅಪ್ಪ ಅದನ್ನು ಹೊತ್ತು ಒಳಗಿಡುವಾಗ ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಆ ಹೊತ್ತಿಗೆ ಆಸ್ಪತ್ರೆಯವರು ಅಕ್ಕನನ್ನು ಪಕ್ಕದ ಊರಿನ ಶಾಖೆಗೆ ಕಳಿಸಿದರು. ಅಲ್ಲಿ ಹೊಸ ಅಡುಗೆಮನೆ ಶುರುವಾಗುವುದಿತ್ತು. ಹತ್ತು ದಿನ ಅಲ್ಲೇ ಉಳಿಯಬೇಕು. ಬೆಲೆ ಕಟ್ಟುವವನು ಬರುವ ಹಿಂದಿನ ಸಂಜೆ ಅವಳು ವಾಪಸಾದಳು.

ಗೇಟಿನಲ್ಲೇ ಸೋಪಿನ ವಾಸನೆ ಬಡಿಯಿತು. ಬಾಗಿಲು ತೆಗೆದರೆ ಮನೆ ಹೊಳೆಯುತ್ತಿತ್ತು.

ತಮ್ಮ ಮನೆಯನ್ನೇ ಒಗೆದಿದ್ದ. ಬೇರೆ ಕೆಲಸ ಬಾರದ ಮನುಷ್ಯ ಬಂದ ಕೆಲಸವನ್ನೇ ಮಾಡಿದ್ದ. ಗೋಡೆಗಳನ್ನು ವಾಷಿಂಗ್ ಸೋಡದಿಂದ ಮೇಲಿನಿಂದ ಕೆಳಗೆ ತಿಕ್ಕಿದ್ದ. ನೆಲದ ಸಂದುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ್ದ. ಪರದೆಗಳಿಗೆ ಗಂಜಿ ಹಾಕಿದ್ದನೆಂದರೆ ಅವು ತೂಗುತ್ತಿರಲಿಲ್ಲ, ನಿಂತಿದ್ದವು. ಯಂತ್ರದ ಬಾಗಿಲಿಗೆ ಹಚ್ಚುವ ಅಂಟು ಉಳಿದಿತ್ತಂತೆ, ಅದರಿಂದ ಛಾವಣಿಯ ಬಿರುಕು ತುಂಬಿದ್ದ. ಆ ಸೋರಿಕೆ ನಿಲ್ಲಿಸು ಎಂದು ಅಮ್ಮ ಒಂಬತ್ತು ವರ್ಷ ಹೇಳಿದ್ದಳು.

"ಹೇಗಿದೆ ಅಕ್ಕ?" ಎಂದ, ಕೈ ಒರೆಸಿಕೊಳ್ಳುತ್ತ. ಕೈಯ ಚರ್ಮ ಸುಲಿದು ಕೆಂಪಾಗಿತ್ತು.

"ಏನಿದು?"

"ನಾಳೆ ಹೊರಗಿನೋರು ಬರ್ತಾರಲ್ಲ."

"ಅವನು ಹೆಣ್ಣು ನೋಡೋಕೆ ಬರ್ತಿದಾನೇನೋ? ಬೆಲೆ ಕಟ್ಟೋಕೆ ಬರ್ತಿರೋದು! ಮನೆ ಚೆನ್ನಾಗಿ ಕಂಡಷ್ಟೂ ಬೆಲೆ ಜಾಸ್ತಿ. ಬೆಲೆ ಜಾಸ್ತಿ ಆದಷ್ಟೂ ನಾನು ಕಟ್ಟೋದು ಜಾಸ್ತಿ. ಲಾಯರಮ್ಮ ಇದ್ದ ಹಾಗೆ ಇರಲಿ ಅಂದಾಗ ನಿನ್ನ ಕಿವಿ ಎಲ್ಲಿತ್ತು?"

ತಮ್ಮನ ಮುಖ ಇಳಿಯಿತು. ಅದು ಅವನಿಗೆ ಹೊಳೆದೇ ಇರಲಿಲ್ಲ.

"ನಾನೇ ಹೇಳಿದ್ದು," ಎಂದಳು ಚಿಕ್ಕಮ್ಮ ಒಳಗಿನಿಂದ. "ಹೊರಗಿನೋರ ಕಣ್ಣಿಗೆ ಕೊಳೆ ಬೀಳಬಾರದು ಅಂತ ನಿಮ್ಮಮ್ಮ ಸಾಯೋ ತನಕ ಬಡ್ಕೊಂಡ್ಲು. ಕೋರ್ಟಿನೋನು ಬಂದು, ಲಾಂಡ್ರಿಯೋರ ಮನೆ ನೋಡು ಹೇಗಿದೆ ಅನ್ಬೇಕಾ?"

"ಅನ್ನಲಿ! ಅಂದ್ರೆ ಏನು ಹೋಗುತ್ತೆ?"

"ಮಾನ ಹೋಗುತ್ತೆ."

"ಅದು ಅರ್ಜಿ ಹಾಕಿದ ದಿನವೇ ಹೋಯ್ತು."

"ಅತ್ತೆ, ನಾನು ಹೇಳ್ದೆ ಇವರಿಗೆ," ಎಂದಳು ಮಗಳು. "ಯಾರೂ ಕೇಳಲಿಲ್ಲ. ಅಪ್ಪ ನನ್ನ ಚಪ್ಪಲೀನೂ ಒಗೆದಿದಾರೆ."

ಅಕ್ಕ ಚೀಲ ಹೊತ್ತು ತನ್ನ ಕೋಣೆಗೆ ನಡೆದವಳು ಬಾಗಿಲಲ್ಲಿ ನಿಂತಳು. ಅಮ್ಮ ಕೊನೆಯ ವರ್ಷಗಳಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಗೋಡೆಗೆ ತಲೆ ಆನಿಸುತ್ತಿದ್ದಳು. ಅಲ್ಲಿ ಅವಳ ತಲೆಯೆಣ್ಣೆಯ ಕಂದು ಗುರುತೊಂದಿತ್ತು, ಅಂಗೈಯಗಲದ್ದು. ಈಗ ಅಲ್ಲಿ ಬರೀ ಗೋಡೆ.

"ಅದು ಬಹಳ ಹಠ ಮಾಡ್ತು," ಎಂದ ತಮ್ಮ ಹಿಂದಿನಿಂದ. "ಸೀಮೆಸುಣ್ಣದ ಪುಡಿ ಕಲಸಿ ಮೆತ್ತಿ, ಮೂರು ಸಲ ಎಣ್ಣೆ ಎಳೆದೆ."

"ಬೆಲೆ ಎಷ್ಟಾಗುತ್ತೆ ಅಂತ ಯೋಚನೆ ಇದೆಯಾ ನಿಂಗೆ?" ಎಂದಳು ಅಕ್ಕ. ಅದನ್ನು ಆಗಲೇ ಹೇಳಿಯಾಗಿತ್ತು.

ಬೆಲೆ ಕಟ್ಟುವವನು ನೆಗಡಿ ಹಿಡಿದ ತೆಳ್ಳನೆಯ ಮನುಷ್ಯ. ಎರಡು ಲೋಟ ಬಿಸಿ ಚಹಾ ಕುಡಿದ. ಟೇಪಿನ ಒಂದು ತುದಿಯನ್ನು ಮಗಳ ಕೈಗೆ ಕೊಟ್ಟು ಮನೆಯೊಳಗೆ, ಹಿತ್ತಲಲ್ಲಿ, ಹಿಂದಿನ ಓಣಿಯ ತನಕ ಓಡಾಡಿದ. ಹೋಗುವಾಗ ಪರದೆಯನ್ನು ಮುಟ್ಟಿ ನೋಡಿ, "ಮನೆ ಅಂದ್ರೆ ಹೀಗಿಟ್ಕೋಬೇಕು" ಎಂದ. ಚಿಕ್ಕಮ್ಮನ ಮುಖ ಅರಳಿತು. ಅಕ್ಕ ಅವಳನ್ನು ನೋಡಿದ ನೋಟಕ್ಕೆ ಮತ್ತೆ ಮುದುಡಿತು.

ಹತ್ತು ದಿನಕ್ಕೆ ಬೆಲೆ ಗೊತ್ತಾಯಿತು. ಅಕ್ಕ ಎಣಿಸಿದ್ದರ ಎರಡರಷ್ಟಿತ್ತು.

ಅಂದಿನಿಂದ ಮನೆಯಲ್ಲಿ ಎರಡು ಊಟ. ಅಕ್ಕ ಆಸ್ಪತ್ರೆಯಿಂದ ಡಬ್ಬಿ ತಂದು ಕೋಣೆಯಲ್ಲೇ ಉಣ್ಣತೊಡಗಿದಳು. ತಮ್ಮ ಒಂದು ಸಲ ಬಾಗಿಲಲ್ಲಿ ನಿಂತು, "ಅಕ್ಕ, ಗೋಡೆಗೆ ಚಹಾ ಎರಚಿ, ಇನ್ನೊಂದು ಸಲ ಬಂದು ನೋಡಿ ಅಂತ ಕರೆಸೋಣ್ವಾ?" ಎಂದ. ತಮಾಷೆಯಲ್ಲ, ನಿಜವಾಗಿಯೇ ಕೇಳಿದ.

"ಹೋಗೋ ಆಚೆ."

ಅವನು ಹೋದ. ಆದರೆ ಮರುದಿನ ಬೆಳಿಗ್ಗೆ ಅವಳ ಕೆಲಸದ ಬಿಳಿ ಕೋಟು ಒಗೆದು ಇಸ್ತ್ರಿಯಾಗಿ ಬಾಗಿಲ ಹಿಡಿಯಲ್ಲಿ ನೇತಾಡುತ್ತಿತ್ತು. ಮೊದಲೆಲ್ಲ ಅವಳು ಅದನ್ನು ಆಸ್ಪತ್ರೆಯ ಕಡೆಯ ಒಬ್ಬಳಿಗೆ ಕಾಸು ಕೊಟ್ಟು ಮಾಡಿಸುತ್ತಿದ್ದಳು. ಅದರ ಮರುದಿನವೂ ಕೋಟು ಸಿದ್ಧವಿತ್ತು. ಬೂಟು ಹೊಳೆಯುತ್ತಿತ್ತು. ಸಂಜೆ ಬಂದರೆ ಸ್ನಾನಕ್ಕೆ ನೀರು ಕಾದಿರುತ್ತಿತ್ತು. ಅಕ್ಕ ಎಲ್ಲವನ್ನೂ ಬಳಸಿದಳು.

ಬೆಲೆಗೆ ತಕರಾರು ಸಲ್ಲಿಸಲು ಒಂದು ಅವಕಾಶವಿದೆ ಎಂದು ವಕೀಲೆ ಹೇಳಿದ್ದರಿಂದ ಅವಳು ಒಂದು ಮಧ್ಯಾಹ್ನ ರಜೆ ಹಾಕಿ ಬೆಲೆ ಕಟ್ಟುವವನ ಕಚೇರಿಗೆ ಹೋದಳು. ಅವನ ನೆಗಡಿ ಇನ್ನೂ ಹೋಗಿರಲಿಲ್ಲ.

"ನೋಡಿ ಸಾರ್, ನೀವು ನೋಡಿದ ಮನೆ ನಿಜವಾದ ಮನೆ ಅಲ್ಲ. ನನ್ನ ತಮ್ಮ ಲಾಂಡ್ರಿಯೋನು. ಕೊಳೆ ತೆಗೆದಿದಾನೆ ಅಷ್ಟೆ. ಗೋಡೆ ಒಳಗೆ ಟೊಳ್ಳು. ಛಾವಣಿಗೆ ಮೆತ್ತಿರೋದು ಅಂಟು. ಮಳೆ ಬಂದ್ರೆ ಕಿತ್ಕೊಂಡು ಬರುತ್ತೆ."

"ಗೋಡೆ ಯಾರು ನೋಡಿದ್ರಮ್ಮಾ?" ಎಂದು ಅವನು ಮೂಗು ಒರೆಸಿಕೊಂಡ. "ಆ ಕಟ್ಟಡಕ್ಕೆ ನಾನು ಒಂದು ಕಾಸೂ ಹಾಕಿಲ್ಲ. ಅಷ್ಟು ಹಳೇದು, ತಗೊಂಡೋನು ಮೊದಲು ಅದನ್ನ ಕೆಡವ್ತಾನೆ. ನಾನು ಬೆಲೆ ಹಾಕಿರೋದು ಜಾಗಕ್ಕೆ. ಮುಂದೆ ರಸ್ತೆ, ಹಿಂದೆ ಓಣಿ, ನಡುವೆ ಅಷ್ಟು ದೊಡ್ಡ ಹಿತ್ತಲು. ಅದೇ ಬೆಲೆ."

"ಮನೆ ಕೊಳಕಾಗಿದ್ದಿದ್ರೆ?"

"ಅಷ್ಟೇ ಆಗ್ತಿತ್ತು. ಚಹಾ ಕುಡೀತಿರಲಿಲ್ಲ, ಅಷ್ಟೆ."

ಅಕ್ಕ ಬಸ್ಸಿನಲ್ಲಿ ವಾಪಸ್ ಬರುವಾಗ ಎರಡು ವಿಷಯ ಯೋಚಿಸಿದಳು. ಒಂದು, ಹಿತ್ತಲು. ಬೆಲೆ ಇರುವುದು ಜಾಗಕ್ಕಾದರೆ ಸಾಲ ಕೊಟ್ಟವರಿಗೆ ಜಾಗವನ್ನೇ ಕೊಡಬಹುದಲ್ಲ? ಪಕ್ಕದ ಗ್ಯಾರೇಜಿನವನು ಅಮ್ಮ ಇದ್ದಾಗಲೇ ಆ ಹಿತ್ತಲಿನ ಮೇಲೆ ಕಣ್ಣಿಟ್ಟಿದ್ದ. ಎರಡನೆಯದು, ತಮ್ಮನಿಗೆ ಹೇಳುವುದೋ ಬೇಡವೋ. ಬಸ್ಸು ಇಳಿಯುವಾಗ ಮಳೆ ಹನಿಯುತ್ತಿತ್ತು. ಗೇಟಿನ ಬಳಿ ಅವನು ಕೊಡೆ ಹಿಡಿದು ನಿಂತಿದ್ದ.

"ಏನಂದ ಅಕ್ಕ? ಕಮ್ಮಿ ಮಾಡ್ತಾನಂತಾ?"

"ಇಲ್ಲ," ಎಂದಳು ಅಕ್ಕ. ಅದು ಸುಳ್ಳಾಗಿರಲಿಲ್ಲ. ಕೊಡೆಯ ಕೆಳಗೆ ನಡೆದು ಒಳಗೆ ಹೋದಳು. ನೀರು ಕಾದಿತ್ತು.

ಹಿತ್ತಲು ಮಾರುವ ವಿಚಾರ ಕೋರ್ಟಿನ ಅಧಿಕಾರಿಗೆ ಒಪ್ಪಿಗೆಯಾಯಿತು. ಸಾಲ ಕೊಟ್ಟವರಿಗೆ ಬೇಕಾದದ್ದು ದುಡ್ಡು. ಗ್ಯಾರೇಜಿನವನು ದುಡ್ಡು ಇಟ್ಟುಕೊಂಡು ಕಾದಿದ್ದ. ಹಿಂದಿನ ಜಾಗಕ್ಕೆ ಮುಂದಿನಷ್ಟು ಬೆಲೆ ಬಾರದ್ದರಿಂದ ಬಿದ್ದ ಕೊರತೆಯನ್ನು ಅಕ್ಕ ತುಂಬಬೇಕು. ತುಂಬಿದರೆ ಅವಳ ಕೈ ಬರಿದು, ಕೈಬಳೆಯೂ ಹೋಗುತ್ತದೆ. ಆದರೆ ಮನೆ ಉಳಿಯುತ್ತದೆ, ಅವಳೊಬ್ಬಳ ಹೆಸರಲ್ಲಿ.

ಅಳತೆಯವರು ಬಂದು ಸುಣ್ಣದ ಪುಡಿಯಿಂದ ಗೆರೆ ಎಳೆದರು. ಗೆರೆ ಒಗೆಯುವ ಕಲ್ಲಿನ ಈಚೆ ಬಂತು, ತೊಟ್ಟಿಯ ಈಚೆ ಬಂತು, ಮನೆಗೆ ಅಂಟಿಸಿ ಕಟ್ಟಿದ್ದ ಚಿಕ್ಕಮ್ಮನ ಕೋಣೆಯನ್ನು ಹೊಕ್ಕು ಅವಳ ಮಂಚದ ಕೆಳಗೆ ಹಾದು ಆಚೆ ಹೋಯಿತು.

ಚಿಕ್ಕಮ್ಮ ಮಂಚದಿಂದ ಏಳಲಿಲ್ಲ. "ಈಗ ನನ್ನ ತಲೆ ಯಾರ ಕಡೆ, ಕಾಲು ಯಾರ ಕಡೆ?"

"ತಲೆ ನಮ್ಮ ಕಡೆ ಅಜ್ಜಿ. ಕಾಲು ಗ್ಯಾರೇಜಿಗೆ," ಎಂದಳು ಮಗಳು.

"ಹಾಗಾದ್ರೆ ಮಂಡಿಗೆ ಅವನೇ ಎಣ್ಣೆ ಹಾಕಲಿ."

ನಗು ಬಂದದ್ದು ಅಷ್ಟು ಹೊತ್ತು ಮಾತ್ರ. ಚಿಕ್ಕಮ್ಮ ಮಲಗುವುದೆಲ್ಲಿ ಎಂಬ ಮಾತಿಗೆ ಜಗಳ ಹತ್ತಿಕೊಂಡಿತು. ತಮ್ಮನ ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ತಿರುಗಿದಳು.

"ನಡುಮನೆಯಲ್ಲಿ ನನ್ನ ಕೆಲಸ ನಡೀಬೇಕು ಅತ್ತಿಗೆ. ಇವತ್ತು ಅಡುಗೆ ಆಗ್ತಿರೋದು ಅದರಿಂದ."

"ಮತ್ತೆ ನನ್ನ ಕೋಣೇಲಿ ಹಾಕಬೇಕು ಅಂತೀಯ?"

"ಮನೆ ಈಗ ನಿಮ್ಮದು. ಎಲ್ಲಿ ಹಾಕಬೇಕು ಅಂತ ನೀವೇ ಹೇಳ್ಬೇಕು. ನಾವೂ ಎಲ್ಲಿರಬೇಕು ಅಂತ ಹೇಳಿಬಿಡಿ, ಒಟ್ಟಿಗೇ ಮುಗೀಲಿ."

"ನಿಮ್ಮನ್ನ ಹೋಗಿ ಅಂತ ಯಾರಾದ್ರೂ ಅಂದ್ರಾ?"

"ಇರಿ ಅಂತಾನೂ ಯಾರೂ ಅನ್ನಲಿಲ್ಲ."

ಸಂಜೆ ಚಿಕ್ಕಮ್ಮನ ಮಂಚ ಅಕ್ಕನ ಕೋಣೆಗೆ ಬಂತು. ಕಿಟಕಿಯ ಪಕ್ಕದ ಕುರ್ಚಿ ಹೊರಗೆ ಹೋಯಿತು. ಮಂಚದ ತಲೆಭಾಗ ಆ ಬರೀ ಗೋಡೆಗೆ ತಾಗಿತು.

ಮುಂದಿನ ಭಾನುವಾರ ತಮ್ಮ ಹಿತ್ತಲಿನ ತಂತಿಗಳನ್ನು ಬಿಚ್ಚಿದ. ಒಗೆಯುವ ಕಲ್ಲನ್ನು ಹಾರೆಯಿಂದ ಮೀಟಿ ನೋಡಿದ, ಅಲುಗಲಿಲ್ಲ, ಬಿಟ್ಟ. ಒಳಗೆ ಬಂದು ಕೈ ತೊಳೆದು, ಅಕ್ಕನ ಕೋಟನ್ನು ಮೇಜಿನ ಮೇಲೆ ಹರವಿ ಇಸ್ತ್ರಿಗೆ ನಿಂತ. ಅಂದು ಅವಳಿಗೆ ಮಧ್ಯಾಹ್ನದ ಪಾಳಿ. ಅಡುಗೆಮನೆಯ ಬಾಗಿಲಲ್ಲಿ ನಿಂತು ಬ್ರೆಡ್ಡು ತಿನ್ನುತ್ತಿದ್ದಳು. ಚಿಕ್ಕಮ್ಮ ಹಸಿ ಬಟಾಣಿ ಬಿಡಿಸುತ್ತಿದ್ದಳು.

"ನಾನು ಮನೆ ತೊಳೀದೇ ಇದ್ದಿದ್ರೆ ಹಿತ್ತಲು ಉಳೀತಿತ್ತು," ಎಂದ ತಮ್ಮ. "ಅಮ್ಮನ ಕಲ್ಲು ನನ್ನ ಕೈಯಾರೆ ಹೋಯ್ತು."

ಈ ಮಾತನ್ನು ಅವನು ದಿನಕ್ಕೊಂದು ಸಲವಾದರೂ ಆಡುತ್ತಿದ್ದ. ಅಕ್ಕ ಬ್ರೆಡ್ಡು ಅಗಿದಳು.

ಚಿಕ್ಕಮ್ಮ ತಲೆ ಎತ್ತಿದಳು. "ಏನೇ, ನೀನು ಆ ಬೆಲೆ ಕಟ್ಟೋನ ಕಚೇರಿಗೆ ಹೋಗಿ ಬಂದ ದಿನದಿಂದ ಇವನನ್ನ ಬೈದೇ ಇಲ್ಲವಲ್ಲ. ಅದಕ್ಕೆ ಮುಂಚೆ ದಿನಾ ಬೈತಿದ್ದೆ."

"ಬೈದು ಬೈದು ಸಾಕಾಯ್ತು."

"ನಿಂಗಾ? ಬೈಯೋದು? ಸಾಕಾಯ್ತಾ?"

ಇಸ್ತ್ರಿಪೆಟ್ಟಿಗೆ ಕೋಟಿನ ಬಲತೋಳಿನ ಮೇಲೆ ಹೋಗಿ ಬಂದು ಮಾಡುತ್ತಿತ್ತು. ಅಕ್ಕ ಬ್ರೆಡ್ಡಿನ ಕೊನೆಯ ಚೂರು ನುಂಗಿದಳು.

"ತೊಳೆದದ್ದಕ್ಕೂ ಬೆಲೆಗೂ ಸಂಬಂಧ ಇಲ್ಲ," ಎಂದಳು. "ಅವನು ಮನೆಗೆ ಒಂದು ಕಾಸೂ ಹಾಕಿಲ್ಲ. ಜಾಗಕ್ಕೆ ಮಾತ್ರ ಹಾಕಿರೋದು. ಕೊಳಕಾಗಿದ್ರೂ ಅಷ್ಟೇ ಆಗ್ತಿತ್ತಂತೆ."

ಇಸ್ತ್ರಿಪೆಟ್ಟಿಗೆ ನಿಂತಿತು.

"ಯಾವಾಗ ಗೊತ್ತಾಯ್ತು?"

"ಅವತ್ತೇ. ಕಚೇರಿಗೆ ಹೋದಾಗ."

"ಅದಾಗಿ ತಿಂಗಳಾಯ್ತು."

"ಹೂಂ."

"ನಾನು ಕೊಡೆ ತಗೊಂಡು ಬಂದಿದ್ನಲ್ಲ, ಅವತ್ತು?"

"ಅವತ್ತೇ."

ತಮ್ಮ ಕೋಟಿನ ಬಲತೋಳನ್ನು ಒಮ್ಮೆ ನೋಡಿದ, ಮಡಿಕೆ ಸರಿಯಾಗಿ ಬಂದಿದೆಯೇ ಎಂದು. ಬಂದಿತ್ತು. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸ್ವಿಚ್ಚು ಆರಿಸಿದ. ಸಿಟ್ಟಿನ ದನಿಯಿರಲಿಲ್ಲ.

"ಉಳಿದದ್ದು ನೀನೇ ಮಾಡ್ಕೋ ಅಕ್ಕ," ಎಂದು ಹಿತ್ತಲಿಗೆ ಹೋದ.

ಹಾರೆ ಕಲ್ಲಿಗೆ ಬಡಿಯುವ ಸದ್ದು ಕೇಳಿಸಿತು. ಚಿಕ್ಕಮ್ಮ ಬಟಾಣಿಯ ಬುಟ್ಟಿ ಎತ್ತಿಕೊಂಡು ಎದ್ದಳು. "ನನ್ನನ್ನ ನೋಡಬೇಡ. ನನಗೆ ಮಂಡಿ ನೋವು."

ಅಕ್ಕ ಸ್ವಿಚ್ಚು ಹಾಕಿದಳು. ಪೆಟ್ಟಿಗೆ ಕಾಯುವ ತನಕ ಕಾದಳು. ಎಡತೋಳಿನ ಮೇಲೆ ಎರಡು ಸಲ ಎಳೆದಳು. ಒಂದು ಸುಕ್ಕು ಹೋದ ಕಡೆ ಎರಡು ಸುಕ್ಕು ಬಿದ್ದವು. ಬಸ್ಸಿಗೆ ಹೊತ್ತಾಗಿತ್ತು. ಕೋಟು ತೊಟ್ಟು, ಬಾಗಿಲಲ್ಲಿ ಬೂಟು ಹುಡುಕಿ, ಗೇಟು ಎಳೆದುಕೊಂಡು ಹೊರಟಳು. ಬಲತೋಳು ಚಾಕುವಿನಂತೆ ನೆಟ್ಟಗಿತ್ತು, ಎಡತೋಳು ಹಿಂಡಿಟ್ಟಂತಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎಡತೋಳನ್ನು ಕಿಟಕಿಯ ಕಡೆಗೆ ಮಾಡಿಕೊಂಡು ಕೂತಳು.